ಬೋನಾಫೈಡ್ ಸರ್ಟಿಫಿಕೇಟಿನಿಂದ ಶುರುವಾದ ಪದಪಾಠ: ನನ್ನ ಅನುಭವ

ಮೂರು ಸಾವಿರ ಇಂಗ್ಲಿಷ್ ಪದಗಳ ಪಟ್ಟಿ ಕೈಗೆ ಕೊಟ್ಟು 'ದಿನಕ್ಕೆ ಐವತ್ತು ಬಾಯಿಪಾಠ ಮಾಡಿ' ಅನ್ನುವ ಪದ್ಧತಿ ಧಾರವಾಡದ ಕೋಚಿಂಗ್ ಲೋಕದಲ್ಲಿ ಇನ್ನೂ ಚೆನ್ನಾಗೇ ಓಡುತ್ತಿದೆ. ನಾನು ಅದನ್ನು ಕೈಬಿಟ್ಟು, ಪದವನ್ನು ತಲೆ (ಪ್ರಿಫಿಕ್ಸ್), ಬೇರು, ಬಾಲ (ಸಫಿಕ್ಸ್) ಅಂತ ಒಡೆದು ಬೇರಿನ ಲ್ಯಾಟಿನ್ ಅರ್ಥದಿಂದ ಕಲಿಸಲು ಶುರುಮಾಡಿ ನಾಲ್ಕೈದು ವರ್ಷ ಆಗಿರಬೇಕು. ಬಿಟ್ಟಾಗ ನಕ್ಕವರೇ ಜಾಸ್ತಿ. "ಲ್ಯಾಟಿನ್ ಕಲಿಸಾಕ ಇದೇನ್ ಚರ್ಚ್ ಏನ್ರೀ ಸರ?" ಅಂತ ಆಗ ನಾನು ಪಾಠ ಮಾಡುತ್ತಿದ್ದ ಸಂಸ್ಥೆಯ ಹಿರಿಯರೊಬ್ಬರು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಕೇಳಿದ್ದರು. ಈಗ ಅವರ ಬ್ಯಾಚಿನ ಹುಡುಗರೇ ನನ್ನ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ. ಅದಕ್ಕೇ ಇದನ್ನು ಬರೆಯೋಣ ಅನಿಸಿತು.

ಎಲ್ಲ ಬೇರುಗಳ ಬಗ್ಗೆ ಹೇಳುತ್ತಿಲ್ಲ. ನಂಬಿಕೆ, ಭಕ್ತಿ, ಅನುಮಾನ, ದ್ರೋಹ, ಇವುಗಳ ಸುತ್ತ ಇರುವ ಇಂಗ್ಲಿಷ್ ಪದಗಳು, ಅಷ್ಟೇ. ಬ್ಯಾಂಕ್ ಪರೀಕ್ಷೆ, ಎಸ್ಸೆಸ್ಸಿ, ಯಾವುದೇ ಇರಲಿ, ಈ ಗುಂಪಿನ ಪದಗಳು ಒಂದಲ್ಲ ಒಂದು ಕಡೆ ಬಂದೇ ಬರುತ್ತವೆ. ಪ್ರಿಫಿಕ್ಸ್, ಸಫಿಕ್ಸ್ ಬಗ್ಗೆ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಪಾಠ ಮಾಡುವವರಿಗೆ ಅದು ಗೊತ್ತಿದ್ದದ್ದೇ.

ಮೊದಲು ದುಡ್ಡು ಹೋದ ಕಥೆ ಹೇಳಿಬಿಡುತ್ತೇನೆ. ಶುರುವಿಗೆ ನೂರು ಲ್ಯಾಟಿನ್ ಬೇರುಗಳ ಚಾರ್ಟ್ ಮಾಡಿಸಿದೆ. ಫ್ಲೆಕ್ಸ್ ಪ್ರಿಂಟು, ಗೋಡೆ ತುಂಬ. ಸುಮಾರು ಎರಡೂವರೆ ಸಾವಿರ ಬಿತ್ತು. ಹುಡುಗರು ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಕ್ರೆಡ್ ಅಂದರೆ ನಂಬು, ಫಿಡ್ ಅಂದರೂ ನಂಬು, ವರ್ ಅಂದರೆ ನಿಜ. ಆಮೇಲೆ ಟೆಸ್ಟಿನಲ್ಲಿ 'ಕ್ರೆಡ್ಯುಲಸ್' (ಹೇಳಿದ್ದನ್ನೆಲ್ಲ ನಂಬುವವನು) ಕೊಟ್ಟರೆ ಮುಕ್ಕಾಲು ಜನ 'ನಂಬಬಹುದಾದ' ಅನ್ನುವ ಉತ್ತರಕ್ಕೆ ಟಿಕ್ ಹಾಕಿದರು. ಬೇರು ಬಂದಿತ್ತು, ಪದ ಬಂದಿರಲಿಲ್ಲ. ಆ ಫ್ಲೆಕ್ಸ್ ಈಗ ಮಳೆಗಾಲದಲ್ಲಿ ನನ್ನ ಸ್ಕೂಟರಿನ ಮೇಲೆ ಇರುತ್ತದೆ.

ಆಮೇಲೆ ಇಸ್ಪೀಟ್ ಎಲೆ ಅಳತೆಯ ಕಾರ್ಡುಗಳು. ಪ್ರಿಫಿಕ್ಸ್ ಕೆಂಪು, ಬೇರು ಬಿಳಿ, ಸಫಿಕ್ಸ್ ಹಸಿರು. ದಪ್ಪ ಹಾಳೆ, ಲ್ಯಾಮಿನೇಶನ್, ಕತ್ತರಿಸುವ ಕೂಲಿ ಎಲ್ಲ ಸೇರಿ ಒಂದು ಸೆಟ್ಟಿಗೆ ನಾನೂರರ ಹತ್ತಿರ. ಹತ್ತು ಸೆಟ್ ಮಾಡಿಸಿದೆ. ಕ್ಲಾಸಿನಲ್ಲಿ ಗದ್ದಲವೋ ಗದ್ದಲ, ಎಲ್ಲರಿಗೂ ಖುಷಿ. ಆದರೆ ಅವರು ಜೋಡಿಸಿದ ಪದಗಳು ಎಂಥವು? 'ಡಿಸ್‌ಕ್ರೆಡ್ಯುಲಸ್', 'ಪರ್ಫಿಡಿಬಲ್', 'ಕಾನ್‌ಕ್ರೆಡ್'. ಯಾವ ಡಿಕ್ಷನರಿಯಲ್ಲೂ ಇಲ್ಲ. "ಯಾಕ್ ಬರಂಗಿಲ್ರೀ ಸರ? ರೂಲ್ ಪ್ರಕಾರ ಬರಬೇಕಲ್ರೀ!" ಅಂತ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಭಾಷೆ ರೂಲ್ ನೋಡಿಕೊಂಡು ಬೆಳೆದಿಲ್ಲ, ಅಷ್ಟೇ. ಕಾರ್ಡು ಇರುವುದು ಪದ ಒಡೆಯುವುದಕ್ಕೆ, ಪದ ಕಟ್ಟುವುದಕ್ಕಲ್ಲ. ನಾಲ್ಕು ಸಾವಿರ ಕೊಟ್ಟು ಕಲಿತ ಮಾತು ಇದು, ನಿಮಗೆ ಪುಕ್ಕಟೆ.

ಮೂರನೆಯದು ಆ್ಯಪ್. ಒಬ್ಬ ಪುಣ್ಯಾತ್ಮ ಮಾಡಿಕೊಡುತ್ತೇನೆ ಅಂತ ಎಂಟು ಸಾವಿರ ಅಡ್ವಾನ್ಸ್ ಇಸಿದುಕೊಂಡ. ಆಮೇಲೆ ಫೋನ್ ಎತ್ತಲಿಲ್ಲ. ಅದೂ ಪಾಠಕ್ಕೆ ಬಂತು ಅನ್ನಿ. 'ಕಾನ್‌ಮ್ಯಾನ್' ಅನ್ನುವ ಪದದಲ್ಲಿರುವ ಕಾನ್ ಎಂದರೆ 'ಕಾನ್ಫಿಡೆನ್ಸ್' ಪದದ ತುಂಡು. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಅನ್ನುವ ಆಸಾಮಿ ಸಿಕ್ಕಿಬಿದ್ದ. ಗುರುತಿಲ್ಲದವರ ಹತ್ತಿರ ಹೋಗಿ ಸಭ್ಯಸ್ಥನಂತೆ ಮಾತಾಡುವುದು, 'ನನ್ನ ಮೇಲೆ ನಂಬಿಕೆ ಇಟ್ಟು ನಾಳೆವರೆಗೆ ನಿಮ್ಮ ವಾಚು ಕೊಡ್ತೀರಾ' ಅಂತ ಕೇಳುವುದು, ಕೊಟ್ಟರೆ ನಡೆದುಬಿಡುವುದು, ಇದೇ ಅವನ ಕಸುಬು. ಪತ್ರಿಕೆಯವರು ಅವನಿಗೆ 'ಕಾನ್ಫಿಡೆನ್ಸ್ ಮ್ಯಾನ್' ಅಂತ ಹೆಸರಿಟ್ಟರು. ಈ ಕಥೆಯನ್ನು ನನ್ನ ಎಂಟು ಸಾವಿರದ ಜೊತೆ ಸೇರಿಸಿ ಹೇಳಿದ ಮೇಲೆ 'ಕಾನ್ಫಿಡ್' ಯಾರಿಗೂ ಮರೆತಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಹುಡುಗರ ಫೈಲಿನಲ್ಲಿ. ಅರ್ಜಿ ಹಾಕುವ ಹುಡುಗರ ಹತ್ತಿರ ಒಂದು ಪ್ಲಾಸ್ಟಿಕ್ ಫೈಲ್ ಇದ್ದೇ ಇರುತ್ತದೆ, ಅಲ್ವಾ? ಅದರಲ್ಲಿ ಕಾಲೇಜಿನ ಬೋನಾಫೈಡ್ ಸರ್ಟಿಫಿಕೇಟ್. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಒಂದಕ್ಷರ ಹೆಚ್ಚುಕಡಿಮೆ ಆಗಿದ್ದಕ್ಕೆ ನೋಟರಿ ಹತ್ತಿರ ಮಾಡಿಸಿದ ಅಫಿಡವಿಟ್. ಎರಡೂ ಶುದ್ಧ ಲ್ಯಾಟಿನ್. 'ಬೋನಾ ಫಿದೆ' ಅಂದರೆ ಒಳ್ಳೆಯ ನಂಬಿಕೆಯಿಂದ. 'ಅಫಿಡವಿಟ್' ಅಂತೂ ಒಂದು ಪೂರ್ತಿ ವಾಕ್ಯ. 'ಆಣೆ ಮಾಡಿ ಹೇಳಿದ್ದಾನೆ' ಅಂತ. ಕನ್ನಡದ 'ಹೇಳಿದ್ದಾನೆ' ಅನ್ನುವುದರಲ್ಲಿ 'ಅವನು' ಹೇಗೆ ಅಡಗಿದೆಯೋ, ಹಾಗೆ ಲ್ಯಾಟಿನ್ನಿನ ಕೊನೆಯ 'ಇಟ್' ಒಳಗೂ ಮಾಡಿದವರು ಯಾರು ಅನ್ನುವುದು ಅಡಗಿದೆ. ಇಂಗ್ಲಿಷಿಗೆ 'ಹಿ' ಬೇಕು, ನಮಗೆ ಬೇಡ, ಲ್ಯಾಟಿನ್ನಿಗೂ ಬೇಡ. ಕನ್ನಡ ಮಾಧ್ಯಮದ ಹುಡುಗರ ಮುಖ ಅರಳುವುದು ಇಲ್ಲೇ.

ಗದಗ ಕಡೆಯ ಒಬ್ಬ ಹುಡುಗ ಕೇಳಿದ, "ಸರ, ಬ್ಯಾಂಕಿನ್ಯಾಗ ಕ್ರೆಡಿಟ್ ಅಂದ್ರ ಸಾಲ ಅಲ್ರೀ? ಅದಕ್ಕೂ ನಂಬಿಕೆಗೂ ಏನ್ ಸಂಬಂಧ?" ಅವನ ಊರಿನ ಹತ್ತಿರವೇ ಉತ್ತರ ಇತ್ತು. 1904ರ ಬ್ರಿಟಿಷ್ ಕಾಯ್ದೆಯ ಹೆಸರೇ ಕೋ-ಆಪರೇಟಿವ್ ಕ್ರೆಡಿಟ್ ಸೊಸೈಟೀಸ್ ಆ್ಯಕ್ಟ್. ಅದರ ಮರುವರ್ಷ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಅಂಥದ್ದೊಂದು ಸಂಘ ಕಟ್ಟಿದರು. ಇವತ್ತಿಗೂ ನಮ್ಮ ಬೋರ್ಡುಗಳ ಮೇಲೆ 'ಪತ್ತಿನ ಸಹಕಾರ ಸಂಘ' ಅಂತಲೇ ಇರುತ್ತದೆ. ಪತ್ತು, ಅಂದರೆ ನಂಬಿಕೆ, ಇದ್ದವನಿಗೆ ಅಂಗಡಿಯವನು ಉದ್ರಿ ಕೊಡುತ್ತಾನೆ. ಕ್ರೆಡಿಟ್ ಅಂದರೂ ಅದೇ, ನಂಬಿ ಕೊಟ್ಟದ್ದು. 'ಕ್ರೆಡೆರೆ' ಅಂದರೆ ನಂಬುವುದು, 'ಕ್ರೆಡೋ' ಅಂದರೆ ನಂಬುತ್ತೇನೆ. ಕ್ರೈಸ್ತರ ವಿಶ್ವಾಸ ಪ್ರಮಾಣ ಲ್ಯಾಟಿನ್ನಿನಲ್ಲಿ ಶುರುವಾಗುವುದೇ ಈ 'ಕ್ರೆಡೋ' ಇಂದ. ಇಂಗ್ಲಿಷಿನ 'ಕ್ರೀಡ್' ಹುಟ್ಟಿದ್ದೂ ಇದರಿಂದಲೇ. ಅಂದಮೇಲೆ ನಮ್ಮ ಹಿರಿಯರ 'ಚರ್ಚ್' ಮಾತು ಅರ್ಧ ಸತ್ಯವೇ!

ಇನ್ನು ನಿಜವಾದ ಕೆಲಸ. ಬೇರು ಹಿಡಿದು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಬಾಲ ಹಿಡಿಯಬೇಕು. ಪ್ರತಿ ಪದಕ್ಕೂ ನಾನು ಎರಡೇ ಪ್ರಶ್ನೆ ಕೇಳಿಸುತ್ತೇನೆ. ನಂಬುವವರ ಬಗ್ಗೆ ಹೇಳುತ್ತಿದೆಯೋ, ನಂಬಬೇಕಾದದ್ದರ ಬಗ್ಗೆ ಹೇಳುತ್ತಿದೆಯೋ? 'ಇಬಲ್' ಬಾಲ ಇದ್ದರೆ ನಂಬಬೇಕಾದದ್ದು. ಕ್ರೆಡಿಬಲ್ ಸಾಕ್ಷಿ, ಕ್ರೆಡಿಬಲ್ ಸುದ್ದಿ. 'ಯುಲಸ್' ಬಾಲ ಇದ್ದರೆ ಮನುಷ್ಯನ ಸ್ವಭಾವ. ಕ್ರೆಡ್ಯುಲಸ್ ಅಂದರೆ ಹೇಳಿದ್ದನ್ನೆಲ್ಲ ನಂಬುವವನು. ಅದೇ ಬಾಲದ ಗ್ಯಾರುಲಸ್ ಬಾಯಿಬಡುಕ, ಕ್ವೆರುಲಸ್ ಸದಾ ಗೊಣಗುವವನು. ರಿಡಿಕ್ಯುಲಸ್, ಮಿರಾಕ್ಯುಲಸ್ ಈ ಸಾಲಿಗೆ ಬರುವುದಿಲ್ಲ. ಯಾರಾದರೂ ಕೇಳಿಯೇ ಕೇಳುತ್ತಾರೆ, ತಯಾರಾಗಿರಿ.

ಇಲ್ಲಿಂದ ಇನ್‌ಕ್ರೆಡಿಬಲ್, ಇನ್‌ಕ್ರೆಡ್ಯುಲಸ್ ಜೋಡಿ ತಾನಾಗೇ ಬಿಚ್ಚಿಕೊಳ್ಳುತ್ತದೆ. ಕಥೆ ಇನ್‌ಕ್ರೆಡಿಬಲ್, ಅದನ್ನು ಕೇಳಿದವನ ಮುಖ ಇನ್‌ಕ್ರೆಡ್ಯುಲಸ್. 2002ರಲ್ಲಿ ಬಂದ 'ಇನ್‌ಕ್ರೆಡಿಬಲ್ ಇಂಡಿಯಾ' ಜಾಹೀರಾತು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ನಂಬಾಕ ಆಗದ ಭಾರತ ಅಂದ್ರ ಬೈದಂಗ ಆಗಲಿಲ್ಲೇನ್ರೀ ಸರ?" ಅಂದಳು. ಒಳ್ಳೆಯ ಪ್ರಶ್ನೆ. ನಾವೂ 'ನಂಬೋಕೇ ಆಗಲ್ಲ, ಅಷ್ಟು ಚೆನ್ನಾಗಿದೆ' ಅನ್ನುವುದಿಲ್ವಾ? ಆದರೆ 'ಇನ್‌ಕ್ರೆಡ್ಯುಲಸ್ ಇಂಡಿಯಾ' ಅಂದರೆ ದೇಶವೇ ಹುಬ್ಬು ಗಂಟಿಕ್ಕಿಕೊಂಡು ಕೂತಿದೆ ಅಂತ ಅರ್ಥ. ಈ ಒಂದು ಉದಾಹರಣೆ ಅರ್ಧ ಗಂಟೆಯ ಪಾಠ ಉಳಿಸುತ್ತದೆ. 'ಕ್ರೆಡಿಟಬಲ್' ಬೇರೆ, ಅದು ಶಹಬ್ಬಾಸ್ ಅನ್ನಬೇಕಾದ ಕೆಲಸ. ಪರೀಕ್ಷೆಯವರು ಮೂರನ್ನೂ ಒಂದೇ ಪ್ರಶ್ನೆಯಲ್ಲಿ ತುರುಕುತ್ತಾರೆ.

ಫಿದೆಸ್ (ನಂಬಿಕೆ) ಮನೆಗೂ ಇದೇ ಪ್ರಶ್ನೆಗಳು. ಕಾನ್ಫಿಡೆಂಟ್ ಅಂದರೆ ನಂಬುವವನು, ತನ್ನನ್ನೇ. ಕಾನ್ಫಿಡೆನ್ಶಿಯಲ್ ಅಂದರೆ ನಂಬಿಕೆ ಇಟ್ಟು ಹೇಳಿದ ಗುಟ್ಟು. ಕಾನ್ಫಿಡಾಂಟ್ ಅಂದರೆ ಆ ಗುಟ್ಟು ಹೇಳಿಕೊಳ್ಳುವಷ್ಟು ನಾವು ನಂಬಿದವನು. 'ಫೇತ್' ಕೂಡ ಇದೇ ಮನೆಯದು, ಫ್ರೆಂಚ್ ದಾರಿಯಲ್ಲಿ ಬರುವಾಗ ಮೈ ಸವೆದಿದೆ. ಒಬ್ಬ ವೈಫೈನ 'ಫೈ' ಕೂಡ ಇದೇನಾ ಅಂದ. ನೇರವಾಗಿ ಅಲ್ಲ. ಹೈಫೈ ಅನ್ನುವುದು ಹೈ ಫಿಡೆಲಿಟಿ, ಮೂಲಕ್ಕೆ ನಿಷ್ಠವಾದ ಧ್ವನಿ. ಆ ಹೆಸರಿನ ಪ್ರಾಸಕ್ಕೆ ವೈಫೈ ಅಂತ ಇಟ್ಟರು.

ತಲೆಯ ಕಡೆ, ಅಂದರೆ ಪ್ರಿಫಿಕ್ಸ್ ಕಡೆ, ಅಪಾಯ ಜಾಸ್ತಿ. 'ಕಾನ್' ಅಂದರೆ ಜೊತೆಗೆ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಕಾನ್ಫಿಡೆಂಟ್‌ನಲ್ಲಿ ಅದು ಬರೀ ಒತ್ತು ಕೊಡುತ್ತದೆ. 'ಡಿಸ್' ಅನ್ನುವುದು ಎಫ್ ಎದುರು ಬಂದರೆ 'ಡಿಫ್' ಆಗುತ್ತದೆ. ಹಾಗಾಗಿ ಡಿಫಿಡೆಂಟ್ ನೋಡಿದವರು ಡಿಫರೆಂಟ್ ಕಡೆ ಓಡುತ್ತಾರೆ. ಮೊದಲು ಡಿಫಿಡೆಂಟ್‌ಗೆ ಬೇರೆಯವರನ್ನು ನಂಬದವನು ಅನ್ನುವ ಅರ್ಥ ಇತ್ತು, ಈಗ ತನ್ನನ್ನೇ ನಂಬದ ಸಂಕೋಚದ ಮನುಷ್ಯ. ಕಾನ್ಫಿಡೆಂಟ್, ಡಿಫಿಡೆಂಟ್ ಜೋಡಿಯನ್ನು ತಲೆಯಲ್ಲಿ ಕೂರಿಸೋಕೆ ನನ್ನದೊಂದು ಚಿಕ್ಕ ಆಟ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಬ್ಯಾಚೂ ನಡೀಬೇಕಲ್ವಾ.

'ಪರ್' ಇನ್ನೂ ಮೋಸಗಾರ. ಪರ್ಫೆಕ್ಟ್‌ನಲ್ಲಿ ಅದು 'ಪೂರ್ತಿಯಾಗಿ'. ಪರ್ಫಿಡಿಯಲ್ಲಿ ಕೆಡಿಸುವ ಕೆಲಸ, ಅಂದರೆ ನಂಬಿಕೆದ್ರೋಹ. ಪರ್ಜುರಿಯಲ್ಲೂ ಹಾಗೇ, ಸುಳ್ಳು ಆಣೆ. ಪರ್ಫಿಡಿ ಒಂದನ್ನೇ ಹೇಳಿದರೆ ನಿಲ್ಲುವುದಿಲ್ಲ, ಪರ್ಜುರಿ ಜೊತೆ ಹೇಳಿದರೆ ನಿಲ್ಲುತ್ತದೆ.

ನನಗೆ ತುಂಬ ಇಷ್ಟದ ಪದ 'ಮಿಸ್‌ಕ್ರಿಯೆಂಟ್'. ನಮ್ಮ ಇಂಗ್ಲಿಷ್ ಪೇಪರಿನವರಿಗೆ ಈ ಪದ ಇಲ್ಲದೆ ದಿನ ಹೋಗುವುದಿಲ್ಲ. ಬಸ್ಸಿಗೆ ಕಲ್ಲು ಹೊಡೆದವರು, ಮೀಟರ್ ಕಿತ್ತವರು, ಎಲ್ಲರೂ ಮಿಸ್‌ಕ್ರಿಯೆಂಟ್ಸ್. ಕನ್ನಡ ಪೇಪರಿನಲ್ಲಿ ದುಷ್ಕರ್ಮಿಗಳು, ಕಿಡಿಗೇಡಿಗಳು. ಹುಡುಗರು ಇದನ್ನು ಮಿಸ್ ಮತ್ತು ಕ್ರಿಯೇಟ್ ಅಂತ ಒಡೆಯುತ್ತಾರೆ. ಅಲ್ಲ. ಕ್ರೆಡೆರೆ ಹಳೆಯ ಫ್ರೆಂಚಿಗೆ ಹೋದಾಗ ನಡುವಿನ ಡಿ ಉದುರಿತು. ಮಿಸ್‌ಕ್ರಿಯೆಂಟ್ ಅಂದರೆ ತಪ್ಪು ನಂಬಿಕೆಯವನು, ಧರ್ಮ ಬಿಟ್ಟವನು. ನಂಬಿಕೆ ಬೇರೆ ಇದ್ದವನು ಕೆಟ್ಟವನೇ ಇರಬೇಕು ಅನ್ನುವ ಕಾಲ ಅದು. ನಂಬಿಕೆಯ ಅರ್ಥ ಹೋಯಿತು, ಕೆಟ್ಟವನು ಉಳಿದ. 'ಗ್ರಾಂಟ್' ಕೂಡ ಹೀಗೇ ವೇಷ ಬದಲಿಸಿದ ಕ್ರೆಡೆರೆ. ಅನುದಾನಿತ ಕಾಲೇಜಿನ ಮೇಷ್ಟ್ರುಗಳಿಗೆ ಹೇಳಿ, ಖುಷಿ ಪಡುತ್ತಾರೆ.

ಸುಳ್ಳು ನೆಂಟರ ಪಟ್ಟಿ ಇಲ್ಲದೆ ಈ ಪಾಠಕ್ಕೆ ಇಳಿಯಬೇಡಿ. 'ಸೇಕ್ರೆಡ್' ಪದದಲ್ಲಿ ಸಿ-ಆರ್-ಇ-ಡಿ ಸಾಲಾಗಿ ಕೂತಿವೆ. ಪವಿತ್ರ ಅನ್ನುವ ಅರ್ಥ ಬೇರೆ, ನಂಬಿಕೆಗೆ ಹತ್ತಿರ. ಕ್ಲಾಸಿನಲ್ಲಿ ಜಾಣರೇ ಇದಕ್ಕೆ ಬೀಳುತ್ತಾರೆ. ಅದು ಕ್ರೆಡ್ ಅಲ್ಲ, 'ಸಾಕೆರ್' ಅನ್ನುವ ಬೇರೆ ಮನೆ, ಕೊನೆಯ ಇ-ಡಿ ಬರೀ ಬಾಲ. ಆ ಮನೆಯಲ್ಲೂ ತೊಂದರೆ ಇದೆ. ಮುಂದೆ ಪ್ರಿಫಿಕ್ಸ್ ಬಂದರೆ ಎ ಹೋಗಿ ಇ ಬರುತ್ತದೆ: ಕಾನ್ಸಿಕ್ರೇಟ್, ಡೆಸಿಕ್ರೇಟ್. ಸರಿ ಅಂತ ಹೇಳಿಕೊಟ್ಟರೆ 'ಸೀಕ್ರೆಟ್' ಅನ್ನೂ, 'ಸೆಕ್ರೆಟರಿ'ಯನ್ನೂ ಅಲ್ಲಿಗೇ ತಂದು ಕೂರಿಸುತ್ತಾರೆ. ಅವು ಬೇರ್ಪಡಿಸು ಅನ್ನುವ ಮತ್ತೊಂದು ಕ್ರಿಯಾಪದದ ಮಕ್ಕಳು. ಇನ್ನು 'ಸ್ಯಾಕ್ರಿಲಿಜಿಯಸ್' ಸ್ಪೆಲ್ಲಿಂಗು. ಅದರೊಳಗೆ ರಿಲಿಜಿಯಸ್ ಇಲ್ಲ. ರಿಲಿಜಿಯಸ್‌ನಲ್ಲಿ ಎಲ್ ಹಿಂದೆ ಇ, ಮುಂದೆ ಐ. ಇದರಲ್ಲಿ ಉಲ್ಟಾ, ಮೊದಲು ಐ, ಆಮೇಲೆ ಇ. ಪವಿತ್ರ ವಸ್ತು ಕದಿಯುವುದು ಅನ್ನುವುದು ಅದರ ಮೂಲ. ಗುಡಿಯ ಹುಂಡಿ ಒಡೆದವರನ್ನು ನೆನೆಸಿಕೊಳ್ಳಿ ಅನ್ನುತ್ತೇನೆ, ಐ ಮತ್ತು ಇ ಸರಿಯಾಗಿ ಬೀಳುತ್ತವೆ. ಹೇಗೆ ಅಂತ ಕೇಳಬೇಡಿ, ಬೀಳುತ್ತವೆ.

ಸ್ಪೆಲ್ಲಿಂಗಿನ ಮಾತು ಬಂತು ಅಂತ ಇನ್ನೆರಡು. 'ಏಬಲ್' ಹಾಕಬೇಕೋ 'ಇಬಲ್' ಹಾಕಬೇಕೋ? ಬಾಲ ಕಿತ್ತರೆ ಉಳಿಯುವುದು ಪೂರ್ತಿ ಇಂಗ್ಲಿಷ್ ಪದವಾದರೆ ಹೆಚ್ಚಾಗಿ ಎ. ಬಿಲೀವಬಲ್, ಡಿಪೆಂಡಬಲ್. ತುಂಡು ಉಳಿದರೆ ಹೆಚ್ಚಾಗಿ ಐ. ಕ್ರೆಡಿಬಲ್, ವಿಸಿಬಲ್. ಇನ್‌ಡ್ಯುಬಿಟಬಲ್ (ಅನುಮಾನವೇ ಇಲ್ಲದ) ಈ ರೂಲಿಗೆ ಬಗ್ಗುವುದಿಲ್ಲ, ಏಕೆಂದರೆ ಲ್ಯಾಟಿನ್ನಿನಲ್ಲೇ ಅದು ಎ ಗುಂಪಿನ ಕ್ರಿಯಾಪದ, 'ದುಬಿತಾರೆ'. ಇದೇ ದುಬಿತಾರೆಯಿಂದ ಡೌಟ್. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಓದಿದ ಪಂಡಿತರು ಮೂಲ ನೋಡಿ ಬಿ ತುರುಕಿದರು, ಬಾಯಲ್ಲಿ ಮಾತ್ರ ಅದು ಬರಲೇ ಇಲ್ಲ. ಡೆಟ್, ಅಂದರೆ ಸಾಲ, ಅದಕ್ಕೂ ಹೀಗೇ ಮಾಡಿದರು. ಡ್ಯೂಬಿಯಸ್ ಪಕ್ಕ ಡೌಟ್ ಬರೆಸಿದ ಮೇಲೆ ನನ್ನ ಹುಡುಗರು ಬಿ ಬಿಡುವುದು ಬಹುತೇಕ ನಿಂತಿದೆ.

ನಂಬಿಕೆಯ ಪದಗಳೆಲ್ಲ ಲ್ಯಾಟಿನ್ ಅಂದುಕೊಂಡರೆ ಕೆಟ್ಟಿರಿ. ಏಥಿಯಿಸ್ಟ್, ಹೆರೆಟಿಕ್, ಆರ್ಥಡಾಕ್ಸ್, ಡಾಗ್ಮಾ, ಎಲ್ಲ ಗ್ರೀಕ್. ಆಗ್ನಾಸ್ಟಿಕ್ ಅನ್ನು 1869ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್‌ಲಿ ಗ್ರೀಕ್ ತುಂಡುಗಳಿಂದ ಕಟ್ಟಿದ. ಇವಕ್ಕೆ ಬೇರೆಯೇ ಹಾಳೆ ಮಾಡಿದ್ದೇನೆ. ಒಂದೇ ಹಾಳೆಯಲ್ಲಿ ಹಾಕಿದ್ದ ಬ್ಯಾಚು ಪೂರ್ತಿ ಗೊಂದಲವಾಗಿತ್ತು.

ಇನ್ನು ಸುಮ್ನೆ ಖುಷಿಗೆ ಮಾಡಿದ ಪ್ರಯೋಗಗಳು. ಒಂದು ಶನಿವಾರ ಸಂಸ್ಕೃತ ಓದಿದವರನ್ನು ಬೇರೆ ಕೂರಿಸಿದೆ. ಬೋರ್ಡಿನ ಮೇಲೆ ಶತ, ಅದರೆದುರು ಲ್ಯಾಟಿನ್ನಿನ ಕೆಂತುಮ್. ದಶ, ಅದರೆದುರು ದೆಕೆಮ್. ನಮ್ಮ ಶ ಇದ್ದಲ್ಲಿ ಅವರ ಕ. ಹಾಗಾದರೆ ಕ್ರೆಡೋ ಎದುರು ಏನು ಬರಬೇಕು? ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹುಬ್ಬಳ್ಳಿಯ ಹುಡುಗಿ, "ಶ್ರದ್ಧಾ ಏನ್ರೀ ಸರ?" ಅಂದಳು. ಅದೇ! ಎರಡೂ ಒಂದೇ ಹಳೆಯ ಮೂಲದಿಂದ ಒಡೆದವು. 'ಧಾ' ಅಂದರೆ ಇಡು, 'ಶ್ರತ್' ಅಂದರೆ ಹೃದಯ ಅಂತ ಬಹಳ ಪಂಡಿತರ ಅಭಿಪ್ರಾಯ. ಶ್ರದ್ಧೆಯಿಂದ ಮಾಡುವುದು ಶ್ರಾದ್ಧ. ಅಲ್ಲಿಗೆ ಶ್ರಾದ್ಧವೂ ಕ್ರೆಡಿಟ್ ಕಾರ್ಡೂ ದೂರದ ನೆಂಟರು. ತಿಂಗಳ ಕೊನೆಗೆ ಬಿಲ್ ಬಂದಾಗ ಸಂಬಂಧ ಸ್ಪಷ್ಟವಾಗುತ್ತದೆ ಅಂತ ಒಬ್ಬ ಪಿಸುಗುಟ್ಟಿದ. ಪರೀಕ್ಷೆಗೆ ಇದು ಒಂದು ಮಾರ್ಕೂ ತರುವುದಿಲ್ಲ. ಆದರೆ ಆ ಬ್ಯಾಚಿನವರು ಲ್ಯಾಟಿನ್‌ಗೆ ಹೆದರುವುದನ್ನು ಬಿಟ್ಟರು.

ಇನ್ನೊಂದು ಪ್ರಯೋಗ ಕನ್ನಡದ್ದೇ. 'ಬಿಲೀಫ್' ಇಂಗ್ಲಿಷಿನ ಸ್ವಂತ ಪದ. ಅದರ ತಲೆಗೆ ಲ್ಯಾಟಿನ್ ಡಿಸ್ ಸಿಕ್ಕಿಸಿ ಡಿಸ್‌ಬಿಲೀಫ್ ಮಾಡಿಕೊಂಡರು. ನಾವೂ ನಂಬಿಕೆ ಅನ್ನುವ ಅಚ್ಚಗನ್ನಡದ ತಲೆಗೆ ಸಂಸ್ಕೃತದ 'ಅಪ' ಸಿಕ್ಕಿಸಿ ಅಪನಂಬಿಕೆ ಮಾಡಿಕೊಂಡಿದ್ದೇವೆ. ಅನ್‌ಫೇತ್‌ಫುಲ್ ನೋಡಿ, ತಲೆ ಬಾಲ ಎರಡೂ ಇಂಗ್ಲಿಷಿನವು, ನಡುವಿನ ಮೈ ಲ್ಯಾಟಿನ್ನಿನದು. ಇದನ್ನು ತೋರಿಸಿದ ಮೇಲೆ 'ರೂಲ್ ಪ್ರಕಾರ' ಅನ್ನುವ ವಾದ ಕಡಿಮೆಯಾಯಿತು.

ಮೂರನೆಯದು ಫ್ಯಾನ್. ಡಾ. ರಾಜ್‌ಕುಮಾರ್ 'ಅಭಿಮಾನಿ ದೇವರುಗಳು' ಅನ್ನುತ್ತಿದ್ದರು. ಫ್ಯಾನ್ ಅನ್ನುವುದು ಫೆನಾಟಿಕ್ ಪದದ ತುಂಡು, ಅದರ ಮೂಲ 'ಫಾನುಮ್', ಅಂದರೆ ಗುಡಿ. ಗುಡಿಯಲ್ಲಿ ಮೈಮೇಲೆ ದೇವರು ಬಂದವನು ಫೆನಾಟಿಕ್. ಗುಡಿಯ ಹೊರಗೆ ಉಳಿದದ್ದು ಪ್ರೊಫೇನ್. ಪಂಚಾಯಿತಿ ಚುನಾವಣೆ ಹೊತ್ತಿಗೆ 'ವೋಟ್' ಹೇಳಿದೆ. ಅದರ ಮೂಲ 'ವೋತುಮ್', ಹರಕೆ. ಡಿವೋಟ್, ಡಿವೌಟ್, ವೌ, ಎಲ್ಲ ಅದೇ ಸಾಲು. ಒಂದೇ ಸಲಕ್ಕೆ ನಾಲ್ಕು ಪದ ಕೂತವು.

ಫಲಿತಾಂಶ ಕೇಳುತ್ತೀರಿ, ಗೊತ್ತು. ನಾನು ವಾರಕ್ಕೊಮ್ಮೆ ಹತ್ತು ಪದಗಳ ಟೆಸ್ಟ್ ಕೊಡುತ್ತೇನೆ. ಈ ಗುಂಪಿನ ಪದಗಳಲ್ಲಿ ಮೊದಲು ನಾಲ್ಕರ ಆಸುಪಾಸು ನಿಲ್ಲುತ್ತಿದ್ದವರು ಈಗ ಏಳೆಂಟು ಮಾಡುತ್ತಾರೆ. ಎರಡು ತಿಂಗಳು ಬಿಟ್ಟು ಅದೇ ಟೆಸ್ಟ್ ಹೇಳದೆ ಕೊಟ್ಟರೂ ಆರಕ್ಕೆ ಇಳಿಯುವುದಿಲ್ಲ. ಪಟ್ಟಿ ಬಾಯಿಪಾಠದವರು ಅಷ್ಟರಲ್ಲಿ ಮೂರಕ್ಕೆ ಬಂದಿರುತ್ತಾರೆ, ನಾನೇ ನೋಡಿದ್ದೇನೆ.

ದುಡ್ಡಿನ ಲೆಕ್ಕ ಹೀಗಿದೆ. ಸಂಸ್ಥೆ ಬಿಟ್ಟು ಸಪ್ತಾಪುರದಲ್ಲಿ ಒಂದು ರೂಮು ಹಿಡಿದಾಗ ಬಾಡಿಗೆ ಐದು ಸಾವಿರ. ಪದಪಾಠಕ್ಕೆ ಬೇರೆ ಬ್ಯಾಚ್, ತಲೆಗೆ ಆರು ನೂರು ಫೀ. ಮೊದಲ ಸಲ ಬಂದವರು ಏಳೆಂಟು ಜನ. ಬಾಡಿಗೆ ಕಟ್ಟೋಕೇ ಕೈಯಿಂದ ಹಾಕಬೇಕಾಯಿತು, ಮನೆಯಲ್ಲಿ ಮಾತು ಕೇಳಬೇಕಾಯಿತು. ಈಗ ಫೀ ಸಾವಿರದ ಇನ್ನೂರು, ಬೆಳಿಗ್ಗೆ ಸಂಜೆ ಸೇರಿ ನಲವತ್ತರ ಮೇಲೆ ಇದ್ದಾರೆ. ಖರ್ಚು ಅಂದರೆ ತಲೆಗೆ ಎರಡು ಹಾಳೆ ಜೆರಾಕ್ಸ್, ಎರಡೂ ಬದಿ. ಒಂದು ಹಾಳೆ ಪದಗಳದ್ದು, ಇನ್ನೊಂದು ಸುಳ್ಳು ನೆಂಟರದ್ದು. ಎರಡನೆಯದರ ಹಿಂಬದಿಯಲ್ಲಿ ಏನಿದೆ ಅನ್ನುವುದು ಬ್ಯಾಚಿಗೆ ಬಂದವರಿಗೆ ಮಾತ್ರ.

ಈಗ 'ಪುತಾರೆ' ಮನೆಗೆ ಕೈ ಹಾಕಿದ್ದೇನೆ. ಎಣಿಸು, ಭಾವಿಸು ಅಂತ ಅರ್ಥ. ರೆಪ್ಯುಟೇಶನ್, ಡಿಸ್ಪ್ಯೂಟ್, ಪ್ಯುಟೇಟಿವ್, ಇಂಪ್ಯೂಟ್ ಎಲ್ಲ ಸಲೀಸು. ಕಂಪ್ಯೂಟರ್ ಇದೇ ಮನೆಯದು ಅಂದರೆ ಹುಡುಗರು ಎದ್ದು ಕೂರುತ್ತಾರೆ. ತೊಡಕು ಇರುವುದು 'ಆಂಪ್ಯುಟೇಟ್' ಹತ್ತಿರ, ಕೈಕಾಲು ಕತ್ತರಿಸುವುದು. ಪುತಾರೆಗೆ ಮೊದಲು ಇದ್ದ ಅರ್ಥ ಗಿಡ ಸವರುವುದು, ಎಣಿಸುವುದು ಆಮೇಲೆ ಬಂತು. ದ್ರಾಕ್ಷಿ ತೋಟದವರ ಮಕ್ಕಳಿಗೆ ಚಾಟ್ನಿ (ಬಳ್ಳಿ ಸವರುವುದು) ಅಂದರೆ ಸಾಕು, ತಕ್ಷಣ ತಿಳಿಯುತ್ತದೆ. ಉಳಿದವರಿಗೆ ಗಿಡ ಸವರುವುದರಿಂದ ಲೆಕ್ಕಕ್ಕೆ, ಲೆಕ್ಕದಿಂದ ಅಭಿಪ್ರಾಯಕ್ಕೆ ಹೇಗೆ ಕರೆದುಕೊಂಡು ಹೋಗುವುದು ಅನ್ನುವುದು ಇನ್ನೂ ಸರಿಯಾಗಿ ಕೂತಿಲ್ಲ. ನಿಮ್ಮಲ್ಲಿ ಯಾರಾದರೂ ಈ ಮನೆಯನ್ನು ಕ್ಲಾಸಿನಲ್ಲಿ ಮಾಡಿ ನೋಡಿದ್ದರೆ ಹೇಗೆ ಮಾಡಿದಿರಿ ಅಂತ ತಿಳಿಸಿ. ಬದಲಿಗೆ ಗ್ರೀಕ್ ಹಾಳೆ ಕಳಿಸುತ್ತೇನೆ.